ಅಪ್‌ಡೇಟ್: ಅವ್ವನ ಐಎನ್‌ಆರ್ ಹಿಡಿತಕ್ಕೆ ಬಂತು

ಅವ್ವನ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸೋ ರಕ್ತಪರೀಕ್ಷೆಯ ಅಂಕಿ; ಹೆಚ್ಚಾದಷ್ಟೂ ನಿಧಾನ) ಯಾಕೆ ಹೀಗೆ ಏರಿಳಿಯುತ್ತೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಈಗ ಓದುವವರಿಗೆ ಹೇಳೋದಾದ್ರೆ, ಅವ್ವನಿಗೆ ಹೃದಯದಲ್ಲಿ ಲೋಹದ ವಾಲ್ವ್ ಇದೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತಗೋತಾಳೆ. ಡಾಕ್ಟರ್ ಹೇಳಿದ ಐಎನ್‌ಆರ್ 2.5ರಿಂದ 3.5. ಬರ್ತಿದ್ದದ್ದು ಒಮ್ಮೆ 1.7, ಇನ್ನೊಮ್ಮೆ 4.6. ಗುಳಿಗೆಯಂತೂ ತಪ್ಪಿಸಿರಲಿಲ್ಲ.

"ಸೊಪ್ಪು ಪೂರ್ತಿ ಬಿಡಿಸಿ" ಅಂದವರೇ ಜಾಸ್ತಿ. ಅದು ನಡೀಲಿಲ್ಲ. ನಮ್ಮ ಗದಗ ಕಡೆ ಹಸಿ ಮೆಂತೆ ಇಲ್ಲದೆ ರೊಟ್ಟಿ ಇಳಿಯುತ್ತಾ? ಕೆಲಸ ಮಾಡಿದ್ದು "ಬಿಡಬೇಡಿ, ದಿನಾ ಒಂದೇ ಅಳತೆ ತಿನ್ನಿ" ಅಂದವರ ಮಾತು. ಡಾಕ್ಟರೂ ಅದನ್ನೇ ಹೇಳಿದರು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಔಷಧಿಯ ಬಲ ತಗ್ಗಿಸುತ್ತದೆ. ಸಂತೆ ದಿನ ಭರ್ತಿ ಪಲ್ಲೆ, ಆಮೇಲೆ ವಾರವೆಲ್ಲ ಬರೀ ಬೇಳೆ ಅಂದ್ರೆ ಐಎನ್‌ಆರ್ ಜೋಕಾಲಿ ಆಡುತ್ತೆ. ಈಗ ದಿನಾ ಒಂದು ಸಣ್ಣ ಬಟ್ಟಲು, ಅದಕ್ಕೆ ಹೊಂದಿಸಿ ಡಾಕ್ಟರ್ ಡೋಸ್ ಕೊಟ್ಟಿದ್ದಾರೆ. ಮೊನ್ನೆ 2.9 ಬಂತು.

ದಿನಕ್ಕೊಂದು ಖಾನೆ ಇರೋ ವಾರದ ಗುಳಿಗೆ ಡಬ್ಬಿ ತನ್ನಿ ಅಂದಿದ್ರಲ್ಲ, ಅದನ್ನು ಅವ್ವ ಮುಟ್ಟಲೇ ಇಲ್ಲ. ಗುಳಿಗೆ ತಗೊಂಡ ಮೇಲೆ ಕ್ಯಾಲೆಂಡರಿನಲ್ಲಿ ಗೀಟು ಎಳೀತಾಳೆ, ಸಾಕು.

ಗೊತ್ತಿಲ್ಲದ ವಿಷಯ ಇನ್ನೊಂದಿತ್ತು. "ಮನೆಯಲ್ಲಿರೋ ಎಲ್ಲ ಗುಳಿಗೆ ಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ" ಅಂದಿದ್ರಲ್ಲ, ಅದರೊಳಗೆ ಮೊಣಕಾಲು ನೋವಿನ ಡೈಕ್ಲೋಫೆನಾಕ್ ಸಿಕ್ಕಿತು. ವಾರ್ಫರಿನ್ ಜೊತೆ ಅದು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸಬಹುದಂತೆ. ಕೂಡಲೇ ನಿಲ್ಲಿಸಿದರು. "ಪಕ್ಕದ ಮನೆಯಾಕಿ ಕೊಟ್ಟಿದ್ಲು, ನೋವಿನ ಗುಳಿಗಿ ಅಷ್ಟ!" ಅಂತಾಳೆ ಅವ್ವ.

ಒಂದು ಡೋಸ್ ಮರೆತರೆ ಮರುದಿನ ಎರಡು ತಗೋಬಾರದು. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಅಂತಲೂ ಡಾಕ್ಟರ್ ಹೇಳಿದ್ದಾರೆ.