ತಟ್ಟೆ ಇರುವ ಎಳೆ ನಕ್ಷತ್ರಗಳೇ ನಿಧಾನಕ್ಕೆ ತಿರುಗುವುದು ಯಾಕೆ?

ಬುಗುರಿ:
ಒಂದು ಡೌಟು. ಹುಟ್ಟುವಾಗ ನಕ್ಷತ್ರ ಕುಗ್ಗುತ್ತದೆ, ಕುಗ್ಗಿದಷ್ಟೂ ಜೋರಾಗಿ ತಿರುಗಬೇಕು ಅಲ್ವಾ? ಗಾತ್ರ ಅರ್ಧವಾದರೆ ಒಂದು ಸುತ್ತಿನ ಸಮಯ ಕಾಲು ಭಾಗಕ್ಕೆ ಇಳಿಯಬೇಕು. ಸಾಲದ್ದಕ್ಕೆ ಸುತ್ತಲಿನ ತಟ್ಟೆಯಿಂದ (ನಕ್ಷತ್ರವನ್ನು ಸುತ್ತುವ ಗ್ಯಾಸು, ದೂಳಿನ ಚಪ್ಪಟೆ ಬಿಲ್ಲೆ) ಗ್ಯಾಸ್ ಬಂದು ಬೀಳುತ್ತಲೇ ಇರುತ್ತದೆ, ಅದೂ ತಿರುಗಿಕೊಂಡೇ ಬರುತ್ತದೆ. ಆದರೂ ತಟ್ಟೆ ಇರುವವೇ ನಿಧಾನವಂತೆ. ಉಲ್ಟಾ ಆಯ್ತಲ್ಲ? ನಕ್ಷತ್ರವಾಗುವಷ್ಟು ತೂಕ ಇಲ್ಲದ ಕಂದು ಕುಬ್ಜಗಳಿಗೂ ಇದೇ ಕಥೆನಾ?

ರೋಹಿಣಿ_27:
ಕಾಂತಕ್ಷೇತ್ರ ಮರೆತಿದ್ದೀರಿ. ಟಿ ಟೌರಿ ಅನ್ನುವ ಸೂರ್ಯನಂಥ ಎಳೆ ನಕ್ಷತ್ರಗಳಲ್ಲಿ ಅದು ಸಾವಿರಾರು ಗಾಸ್ (ಕಾಂತಕ್ಷೇತ್ರದ ಅಳತೆ). ಅದರ ರೇಖೆಗಳು ತಟ್ಟೆಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ತಟ್ಟೆಯಲ್ಲಿ ಹೊರಗೆ ಹೋದಷ್ಟೂ ಗ್ಯಾಸ್ ಸುತ್ತುವುದು ತಡ. ಒಂದು ದೂರದಲ್ಲಿ ಗ್ಯಾಸೂ ನಕ್ಷತ್ರವೂ ಸರಿಸಮ. ಅದಕ್ಕಿಂತ ಆಚೆ ಕಟ್ಟಿಕೊಂಡ ರೇಖೆಗಳು ನಕ್ಷತ್ರವನ್ನು ಹಗ್ಗ ಹಾಕಿದ ಹಾಗೆ ಹಿಂದಕ್ಕೆ ಜಗ್ಗುತ್ತವೆ. 1991ರಲ್ಲಿ ಕೋನಿಗ್ಲ್ ಅನ್ನುವ ವಿಜ್ಞಾನಿ ಇದನ್ನೇ ಟಿ ಟೌರಿಗಳಿಗೆ ಹೊಂದಿಸಿ ತೋರಿಸಿದರು. ಡಿಸ್ಕ್ ಲಾಕಿಂಗ್ ಅನ್ನುವುದು ಇದಕ್ಕೇ.

ದುರ್ಬೀನು:
ಸಾಕ್ಷಿ ಬೇಕಾದರೆ ನಕ್ಷತ್ರಗಳು ಹುಟ್ಟುತ್ತಿರುವ ಓರಿಯನ್ ನೀಹಾರಿಕೆ ನೋಡಿ. ನಕ್ಷತ್ರದ ಮೇಲಿನ ಕಪ್ಪು ಕಲೆ ನಮ್ಮ ಕಡೆ ಬಂದಾಗ ಬೆಳಕು ಚೂರು ಮಂಕಾಗುತ್ತದೆ, ಆಚೆ ಹೋದಾಗ ಏರುತ್ತದೆ, ರಾತ್ರಿ ರಾತ್ರಿ ಅಳೆಯುತ್ತಾ ಹೋದರೆ ಸುತ್ತಿನ ಅವಧಿ ಸಿಗುತ್ತದೆ. 2002ರಲ್ಲಿ ಹರ್ಬ್ಸ್ಟ್ ತಂಡ ಹೀಗೆ ಲೆಕ್ಕ ಹಾಕಿದಾಗ, ಸೂರ್ಯನ ಕಾಲು ಭಾಗಕ್ಕಿಂತ ಜಾಸ್ತಿ ತೂಕದವು ಎರಡು ಗುಂಪಾದವು. ಒಂದು ಸುಮಾರು 2 ದಿನ, ಇನ್ನೊಂದು ಸುಮಾರು 8 ದಿನ. ಅತಿಗೆಂಪಿನಲ್ಲಿ ಹೆಚ್ಚುವರಿ ಬೆಳಕು ಕಂಡರೆ ತಟ್ಟೆ ಇದೆ ಅಂತ ಅರ್ಥ, ಅದು ನಿಧಾನದವುಗಳಲ್ಲೇ ಜಾಸ್ತಿ. ಇದು ಒಟ್ಟಾರೆ ಒಲವು ಅಷ್ಟೇ, ಅಪವಾದಗಳು ಬೇಕಾದಷ್ಟಿವೆ.

ತಕರಾರು_ತಮ್ಮಯ್ಯ:
ಬ್ರೇಕು ಇದೆ ಅನ್ನುವುದಕ್ಕೆ ನನ್ನ ಜಗಳ ಇಲ್ಲ. ಆದರೆ ಹಾಕುವುದು ತಟ್ಟೆನೇ ಅಂತ ಸುಮ್ನೆ ಒಪ್ಪುವುದು ಕಷ್ಟ. ರೇಖೆಗಳು ತಿರುಚಿಕೊಂಡು ತಿರುಚಿಕೊಂಡು ಬಿಚ್ಚಿಹೋಗುತ್ತವೆ, ಆಮೇಲೆ ಜಗ್ಗುವುದು ಎಲ್ಲಿಂದ? ಬೀಳುವ ಗ್ಯಾಸಿನ ಶಕ್ತಿಯಿಂದಲೇ ನಕ್ಷತ್ರದಿಂದ ಗಾಳಿ ಎದ್ದು, ತಿರುಗುವ ವೇಗವನ್ನು ಅದು ಹೊತ್ತೊಯ್ಯುತ್ತದೆ ಅಂತ ಮ್ಯಾಟ್ ಮತ್ತು ಪುಡ್ರಿಟ್ಜ್ 2005ರಲ್ಲಿ ವಾದಿಸಿದರು. ನನಗೆ ಅದೇ ಸರಿ ಅನಿಸುತ್ತದೆ.

ರೋಹಿಣಿ_27:
ಎರಡೂ ಸೇರಿಯೇ ನಡೆಯಬಹುದಲ್ಲ. ಇನ್ನು ಕಂದು ಕುಬ್ಜಗಳು. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ 2014ರಲ್ಲಿ ವೃಶ್ಚಿಕ ರಾಶಿಯ ಕಡೆ ನೋಡಿದಾಗ ಅಲ್ಲಿನ ಎಳೆಯ ಕುಬ್ಜಗಳ ಅವಧಿಯ ಮಧ್ಯದ ಅಂಕಿ ಸುಮಾರು 1 ದಿನ. ಅಲ್ಲೂ ತಟ್ಟೆ ಇರುವವು ನಿಧಾನ, ಆದರೆ ಬ್ರೇಕು ಅಷ್ಟು ಬಿಗಿ ಇಲ್ಲ. ತಟ್ಟೆ ಹೋದ ಮೇಲೆ ಕುಗ್ಗುತ್ತಾ ಇನ್ನೂ ಜೋರಾಗುತ್ತವೆ. ನಮ್ಮ ಸೂರ್ಯನ ಪಕ್ಕದಲ್ಲೇ ಇರುವ ಲೂಮನ್ 16ಬಿ ಅನ್ನುವ ಕಂದು ಕುಬ್ಜ ಒಂದು ಸುತ್ತಿಗೆ ಸುಮಾರು 5 ಗಂಟೆ ತಗೊಳ್ಳುತ್ತದೆ.

ಬುಗುರಿ:
ಹಾಗಾದರೆ ನಮ್ಮ ಸೂರ್ಯ 25 ದಿನಕ್ಕೆ ಒಂದು ಸುತ್ತು ಹಾಕುವುದೂ ಹಳೇ ತಟ್ಟೆಯ ಪ್ರಭಾವನಾ?

ದುರ್ಬೀನು:
ಇಲ್ಲ. ತಟ್ಟೆ ಕೆಲವೇ ಮಿಲಿಯನ್ ವರ್ಷಕ್ಕೆ ಖಾಲಿ. ಆಮೇಲೆ ಸೂರ್ಯ ಕುಗ್ಗಿ ಮತ್ತೆ ಜೋರಾಗಿರಬೇಕು. ಈಗಿನ ನಿಧಾನ ನಾಲ್ಕೂವರೆ ಬಿಲಿಯನ್ ವರ್ಷದ ಸೌರಗಾಳಿಯ ಕೆಲಸ.