ಬಾಖ್ ಫ್ಯೂಗನ್ನು ಬ್ಯಾಂಡ್‌ಗೆ ಹೊಂದಿಸಿದ್ದೇನೆ, ಯಾರಿಗೆ ತೋರಿಸಲಿ?

ಕೇಳಿದವರು: ಯುಫೋನಿಯಂ ವಾದಕ, ಅಮೆರಿಕ

ನಮಸ್ಕಾರ. ಇಲ್ಲಿನ ಒಂದು ಕಮ್ಯುನಿಟಿ ಬ್ಯಾಂಡ್‌ನಲ್ಲಿ ಯುಫೋನಿಯಂ ಅನ್ನುವ ಹಿತ್ತಾಳೆ ವಾದ್ಯ ನುಡಿಸುತ್ತೇನೆ. ಬಾಖ್ ಆರ್ಗನ್‌ಗೆ ಬರೆದ ಜಿ ಮೈನರ್ ಫ್ಯೂಗ್ ಇದೆಯಲ್ಲ, ‘ಚಿಕ್ಕ ಫ್ಯೂಗ್’ ಅಂತ ಕರೆಯುವುದು, ಬಾಖ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯೂವಿ 578, ಅದನ್ನು ಕನ್ಸರ್ಟ್ ಬ್ಯಾಂಡ್‌ಗೆ (ಊದುವ ವಾದ್ಯ, ತಾಳವಾದ್ಯಗಳ ತಂಡ) ಹೊಂದಿಸಿದ್ದೇನೆ. ಫ್ಯೂಗ್ ಅಂದರೆ ಒಂದೇ ಸ್ವರಸಾಲನ್ನು ಹಲವು ದನಿಗಳು ಒಂದಾದ ಮೇಲೊಂದು ಎತ್ತಿಕೊಳ್ಳುವ ರಚನೆ. ಬರೋಕ್ (ಬಾಖ್ ಕಾಲದ ಶೈಲಿ) ಗುಣ ಕೆಡಬಾರದು ಅನ್ನೋದು ಆಸೆ. ಮ್ಯೂಸ್‌ಸ್ಕೋರ್‌ನಲ್ಲಿ (ಸ್ವರಲಿಪಿ ಬರೆದು ನುಡಿಸಿ ಕೇಳಿಸುವ ಸಾಫ್ಟ್‌ವೇರ್) ಕೇಳಿದರೆ ಚೆನ್ನಾಗೇ ಇದೆ. ಗೊತ್ತಿರುವವರಿಗೆಲ್ಲ ಕಳಿಸಿದೆ. ‘ಸೂಪರ್’ ಅಂದರು, ಅಷ್ಟೇ. ಕಂಡಕ್ಟರ್ ಕೈಗೆ ಕೊಡುವ ಮುಂಚೆ ಕೆಲಸಕ್ಕೆ ಬರುವಂಥ ಅಭಿಪ್ರಾಯ ಯಾರಿಂದ, ಹೇಗೆ ಪಡೆಯೋದು? ಇಂಥದ್ದು ಮಾಡಿದವರು ದಯವಿಟ್ಟು ಹೇಳಿ.

ಕ್ಲಾರಿನೆಟ್ ವಾದಕಿ, ಇಂಗ್ಲೆಂಡ್

‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುತ್ತದೆ. ಮನೆಗೆ ಬಂದ ನೆಂಟರು ಉಪ್ಪಿಟ್ಟಿನ ಬಗ್ಗೆ ಹೇಳಿದ ಹಾಗೆ. ಇಡೀ ಸ್ಕೋರ್ (ಎಲ್ಲ ವಾದ್ಯಗಳ ಸ್ವರಲಿಪಿ) ಯಾರಿಗೂ ಕಳಿಸಬೇಡಿ. ಯಾರು ಯಾವ ವಾದ್ಯ ನುಡಿಸುತ್ತಾರೋ ಅವರಿಗೆ ಅವರ ಪಾರ್ಟ್ ಮಾತ್ರ ಕೊಡಿ. ಎದುರಿಗೇ ಕೂತು ನುಡಿಸಲು ಹೇಳಿ. ಮುಂಚೆ ಅಭ್ಯಾಸ ಮಾಡಿಕೊಂಡು ಬರುವುದು ಬೇಡ. ನೀವು ಸುಮ್ನೆ ಅವರ ಬೆರಳು ನೋಡಿ. ಎಲ್ಲಿ ಉಸಿರು ತೆಗೆದುಕೊಂಡರು ಅಂತ ನಿಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ. ಅಭಿಪ್ರಾಯ ಅಂದರೆ ಅದೇ.

ನಿಮ್ಮ ಫ್ಯೂಗನ್ನೇ ತಗೊಳ್ಳಿ. ಸಬ್ಜೆಕ್ಟ್, ಅಂದರೆ ಎಲ್ಲ ದನಿಗಳೂ ಎತ್ತಿಕೊಳ್ಳುವ ಆ ಸಾಲು, ಶುರುವಾಗೋದು ಜಿ, ಡಿ, ಬಿ ಫ್ಲಾಟ್, ಎ, ಜಿ ಅಂತ. ಬಿ ಫ್ಲಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಕೇಳುವುದರಿಂದ ಅಷ್ಟೇ ಏರಿಸಿ ಬರೆಯಬೇಕಲ್ಲ, ಹಾಗಾಗಿ ನಮ್ಮ ಕಾಗದದ ಮೇಲೆ ಅದು ಎ, ಇ, ಸಿ, ಬಿ, ಎ ಆಗುತ್ತದೆ. ಆರ್ಗನ್‌ನಲ್ಲಿ ಇರುವ ಎತ್ತರದಲ್ಲೇ ಕೊಟ್ಟರೆ ಆ ಎ ಸ್ವರಕ್ಕೆ ತೂತುಗಳನ್ನೆಲ್ಲ ಬಿಟ್ಟು ಒಂದು ಕೀ ಮಾತ್ರ ಒತ್ತುತ್ತೇವೆ. ಧ್ವನಿ ಸ್ವಲ್ಪ ಮಂಕು. ಪಕ್ಕದ ಬಿ ಸ್ವರಕ್ಕೆ ಹೋಗಬೇಕಾದರೆ ತೂತುಗಳೆಲ್ಲ ಮುಚ್ಚಬೇಕು, ಜೊತೆಗೆ ಮೇಲಿನ ದನಿಗೆ ದಾಟಿಸುವ ರಿಜಿಸ್ಟರ್ ಕೀ. ಕೇಳುವವರಿಗೆ ಒಂದೇ ಮೆಟ್ಟಿಲು, ನುಡಿಸುವವರಿಗೆ ಎರಡೂ ಕೈ ತುಂಬ ಕೆಲಸ. ಇದಕ್ಕೇ ‘ಬ್ರೇಕ್’ ಅನ್ನೋದು. ನಿಮ್ಮ ಸಬ್ಜೆಕ್ಟ್ ಮೊದಲ ಎರಡು ಸ್ವರದಲ್ಲೇ ಬ್ರೇಕ್ ದಾಟುತ್ತದೆ, ಆಮೇಲೂ ಅದರ ಮೇಲೆಯೇ ಆಚೆ ಈಚೆ ಓಡಾಡುತ್ತದೆ.

ನುರಿತವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಕಮ್ಯುನಿಟಿ ಬ್ಯಾಂಡ್‌ನ ಎರಡನೇ, ಮೂರನೇ ಕ್ಲಾರಿನೆಟ್ ಸಾಲು ಒಟ್ಟಿಗೆ ದಾಟಬೇಕು ಅಂದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ದಾಟುತ್ತಾರೆ. ಫ್ಯೂಗ್ ಶುರುವಿನಲ್ಲಿ ಬೇರೆ ಯಾರೂ ನುಡಿಸುತ್ತಿರುವುದಿಲ್ಲ ಬೇರೆ. ಎಲ್ಲವೂ ಬೆತ್ತಲೆ. ಒಂದು ಆಕ್ಟೇವ್ (ಒಂದು ಸ್ಥಾಯಿ) ಏರಿಸಿದರೆ ಬ್ರೇಕ್ ತಪ್ಪುತ್ತದೆ, ಧ್ವನಿ ಮೊನಚಾಗುತ್ತದೆ. ಇಲ್ಲವೇ ಸಬ್ಜೆಕ್ಟ್‌ನ ಮೊದಲ ಪ್ರವೇಶ ಬೇರೆಯವರಿಗೆ ಬಿಟ್ಟು, ಡಿ, ಎ, ಎಫ್ ಅಂತ ಬರುವ ಎರಡನೆಯದನ್ನು ಕ್ಲಾರಿನೆಟ್‌ಗೆ ಕೊಡಿ. ಅದರ ಶುರು ನಮ್ಮ ಕೆಳಗಿನ ದನಿಯಲ್ಲಿ ಆರಾಮಾಗಿ ಕೂರುತ್ತದೆ, ಬ್ರೇಕ್ ಒಂದೇ ಕಡೆ ಸಿಗುತ್ತದೆ.

ಇದ್ಯಾವುದನ್ನೂ ಮ್ಯೂಸ್‌ಸ್ಕೋರ್ ಹೇಳಲ್ಲ. ಅದಕ್ಕೆ ಬೆರಳಿಲ್ಲ, ಉಸಿರೂ ಇಲ್ಲ.

ಸೇನಾ ಬ್ಯಾಂಡ್‌ನಿಂದ ನಿವೃತ್ತರು, ಬೆಂಗಳೂರು

ಮೇಡಂ ಹೇಳಿದ್ದು ಸರಿ. ನನ್ನದು ಸ್ವಲ್ಪ ಬೇರೆ ಕಡೆಯಿಂದ.

ಇಡೀ ಕೃತಿಯ ಸ್ಕೇಲ್ ಬದಲಿಸಲು ಹೋಗಬೇಡಿ. ಜಿ ಮೈನರ್ ಬ್ಯಾಂಡ್‌ಗೆ ಹೇಳಿ ಮಾಡಿಸಿದ್ದು. ಕ್ಲಾರಿನೆಟ್‌ಗೆ ಎ ಮೈನರ್, ಆಲ್ಟೋ ಸ್ಯಾಕ್ಸೊಫೋನ್‌ಗೆ ಇ ಮೈನರ್, ಹಾರ್ನ್‌ಗೆ ಡಿ ಮೈನರ್ ಬರುತ್ತದೆ. ಯಾರಿಗೂ ಕಷ್ಟವಿಲ್ಲ. ಇದೇ ಬರೋಕ್‌ನವರು ಟ್ರಂಪೆಟ್‌ಗಾಗಿ ಬರೆಯುತ್ತಿದ್ದ ಡಿ ಮೇಜರ್ ಆಗಿದ್ದರೆ ಆಲ್ಟೋ ಸ್ಯಾಕ್ಸ್‌ನವರ ಮುಂದೆ ಐದು ಶಾರ್ಪ್ (ಅರ್ಧ ಸ್ವರ ಏರಿಸುವ ಗುರುತು) ಇರುತ್ತಿತ್ತು. ಆಗ ಅರ್ಧ ಸ್ವರ ಏರಿಸಿ ಇ ಫ್ಲಾಟ್‌ಗೆ ತರುವುದು ವಾಡಿಕೆ.

ಮೊದಲ ಪ್ರವೇಶ ಓಬೋಗೆ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಕೊಡಿ. ಆದರೆ ಹವ್ಯಾಸಿ ಬ್ಯಾಂಡ್‌ನಲ್ಲಿ ಓಬೋ ಇದ್ದೇ ಇರುತ್ತದೆ ಅಂತ ನಂಬಬೇಡಿ. ಬಸೂನ್ ಕಥೆಯೂ ಅಷ್ಟೇ. ಓಬೋ ಸಾಲನ್ನು ಇನ್ನೊಬ್ಬರ ಪಾರ್ಟ್‌ನಲ್ಲಿ ಸಣ್ಣ ಅಕ್ಷರದ ಕ್ಯೂ (ಓಬೋ ಇಲ್ಲದಿದ್ದರೆ ಅವರು ನುಡಿಸಲು) ಆಗಿ ಬರೆದಿಡಿ. ಕಂಡಕ್ಟರ್ ಸ್ಕೋರ್ ತೆಗೆದ ಕೂಡಲೇ ನೋಡುವುದು ಇದನ್ನೇ: ನನ್ನ ಹತ್ತಿರ ಇರುವ ಜನರಿಂದ ಇದು ಆಗುತ್ತದಾ?

ಬರೋಕ್ ಅಂದರೆ ಪಿಟೀಲು, ಹಾರ್ಪ್ಸಿಕಾರ್ಡ್ ಮಾತ್ರ ಅಂದುಕೊಂಡವರೇ ಜಾಸ್ತಿ. 1749ರ ಏಪ್ರಿಲ್ 27ರಂದು ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ಬಾಖ್ ಕಾಲದವರೇ ಆದ ಹ್ಯಾಂಡೆಲ್ ಪಟಾಕಿ ಉತ್ಸವಕ್ಕೆ ನುಡಿಸಿದ ಸಂಗೀತ ನೋಡಿ. ಎರಡನೇ ಜಾರ್ಜ್ ದೊರೆಗೆ ಪಿಟೀಲು ಬೇಕಿರಲಿಲ್ಲ. ಹ್ಯಾಂಡೆಲ್ ಬರೆದಿದ್ದು 24 ಓಬೋ, 12 ಬಸೂನ್, 9 ಟ್ರಂಪೆಟ್, 9 ಹಾರ್ನ್, ಜೊತೆಗೆ ಟಿಂಪನಿ. ಅಕ್ಷರಶಃ ಬ್ಯಾಂಡೇ ಅಲ್ವಾ? ನಿಮ್ಮ ಸ್ಕೋರ್ ಪಕ್ಕದಲ್ಲಿ ಅದನ್ನಿಟ್ಟುಕೊಂಡು ನೋಡಿ. ತಾಳವಾದ್ಯಕ್ಕೆ ಎಷ್ಟು ಕಡಿಮೆ ಕೆಲಸ ಕೊಟ್ಟಿದ್ದಾರೆ ಅಂತ ಕಾಣುತ್ತದೆ. ನಿಮ್ಮದರಲ್ಲಿ ಸಿಂಬಲ್, ಗ್ಲಾಕನ್‌ಸ್ಪೀಲ್ ಇದ್ದರೆ ಒಂದು ಸಲ ತೆಗೆದು ಕೇಳಿ.

ಊರಿಗೆ ಬಂದಾಗ ದಸರಾ ಸಮಯವಾಗಿದ್ದರೆ ಮೈಸೂರಿನಲ್ಲಿ ಪೊಲೀಸ್ ಬ್ಯಾಂಡ್ ಕೇಳಿ. ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಸಂಗೀತದ ಬ್ಯಾಂಡ್ ಎರಡೂ ಇವೆ. ಬಯಲಲ್ಲಿ ನುಡಿಸಿದಾಗ ಮಧ್ಯದ ದನಿಗಳು ಎಲ್ಲಿ ಮಾಯವಾಗುತ್ತವೆ ಅಂತ ಕಿವಿಗೇ ತಿಳಿಯುತ್ತದೆ. ಫ್ಯೂಗ್ ಮಾಡುವವರಿಗೆ ಇದು ತಿಳಿದಿರಬೇಕು.

ಕಂಡಕ್ಟರ್ ಹತ್ತಿರ ‘ನಮ್ಮ ಕಾರ್ಯಕ್ರಮದಲ್ಲಿ ಹಾಕಿ’ ಅಂತ ಕೇಳಬೇಡಿ. ‘ರಿಹರ್ಸಲ್ ಕೊನೆಯಲ್ಲಿ ಒಂದು ಸಲ ಓದಿಸ್ತೀರಾ?’ ಅಂತ ಕೇಳಿ. ಇಡೀ ಫ್ಯೂಗ್ 68 ಬಾರ್ (ತಾಳದ ಆವರ್ತ), ಸುಮಾರು ನಾಲ್ಕು ನಿಮಿಷ. ಯಾರೂ ಇಲ್ಲ ಅನ್ನಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ನಿಮ್ಮ ಯುಫೋನಿಯಂ ಪಕ್ಕದಲ್ಲಿ ಇಡಬೇಡಿ. ಹಾಲ್‌ನ ಹಿಂಭಾಗದಲ್ಲಿಡಿ.

ಆರ್ಗನ್ ಕಲಿಯುತ್ತಿರುವವರು, ಜರ್ಮನಿ

ಆಕ್ಟೇವ್ ಏರಿಸುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮೇಲಿನ ದನಿ ಒಂದನ್ನೇ ಏರಿಸಿದರೆ ಎರಡನೆಯ ದನಿಗೂ ಅದಕ್ಕೂ ನಡುವೆ ದೊಡ್ಡ ಕಂದಕ. ಮೂಲ ಎತ್ತರದಲ್ಲಿ ಒಬ್ಬರು ಇರಲಿ, ಅದರ ಜೊತೆಗೆ ಕೊಳಲು ಒಂದು ಆಕ್ಟೇವ್ ಮೇಲೆ ಬರಲಿ. ಇದು ಹೊಸ ಉಪಾಯವಲ್ಲ. ಆರ್ಗನ್‌ನಲ್ಲಿ 8 ಅಡಿ ಸ್ಟಾಪ್ (ಬರೆದ ಎತ್ತರದಲ್ಲೇ ನುಡಿಯುವ ಕೊಳವೆಗಳ ಸಾಲು) ಜೊತೆ 4 ಅಡಿಯದನ್ನು ಎಳೆದರೆ ಆಗುವುದೂ ಅದೇ. ಹಾಗೇ ಕಾಲಲ್ಲಿ ನುಡಿಸುವ ಪೆಡಲ್‌ನಲ್ಲಿ 16 ಅಡಿ ಸ್ಟಾಪ್ ಇದ್ದರೆ ಬರೆದದ್ದಕ್ಕಿಂತ ಒಂದು ಆಕ್ಟೇವ್ ಕೆಳಗಿನದೂ ಕೇಳುತ್ತದೆ. ಅದಕ್ಕೆ ಟ್ಯೂಬಾ ಸರಿ. ಆದರೆ ಸಬ್ಜೆಕ್ಟ್‌ನ ಕೊನೆಯ ಭಾಗ ಪೂರ್ತಿ ಸಿಕ್ಸ್‌ಟೀಂತ್ ನೋಟ್‌ಗಳು, ಅಂದರೆ ವೇಗದ ಸ್ವರಗಳು. ಬರೀ ಟ್ಯೂಬಾಗಳಿಗೆ ಕೊಟ್ಟರೆ ಗೊಜ್ಜಾಗುತ್ತದೆ. ಬಸೂನ್, ಬಾಸ್ ಕ್ಲಾರಿನೆಟ್, ಬ್ಯಾರಿಟೋನ್ ಸ್ಯಾಕ್ಸ್ ಇವರಿಗೆ ಪೂರ್ತಿ ಸಾಲು ಕೊಡಿ. ಟ್ಯೂಬಾ ವಾದಕರನ್ನೇ ಕೂರಿಸಿಕೊಂಡು ‘ಇದರಲ್ಲಿ ಯಾವ ಸ್ವರ ಬಿಟ್ಟರೆ ನಿಮಗೆ ಹಗುರ?’ ಅಂತ ಕೇಳಿ. ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ಶೈಲಿ ಬಗ್ಗೆ ಕೇಳಲು ಬ್ಯಾಂಡ್‌ನವರಿಗಿಂತ ಬರೋಕ್ ನುಡಿಸುವವರನ್ನು ಹುಡುಕಿ. ಚರ್ಚ್ ಆರ್ಗನಿಸ್ಟ್ ಒಬ್ಬರು ನಿಮ್ಮ ಊರಲ್ಲೂ ಇರುತ್ತಾರೆ. ನಾನಾಗಿದ್ದರೆ ಮೊದಲು ಟ್ರಿಲ್ (ಪಕ್ಕದ ಎರಡು ಸ್ವರ ಬೇಗಬೇಗ ಅದಲುಬದಲು ಮಾಡುವುದು) ನೋಡುತ್ತಿದ್ದೆ. ಸಾಮಾನ್ಯವಾಗಿ ಅದು ಮೇಲಿನ ಸ್ವರದಿಂದ ಶುರುವಾಗಬೇಕು. ಬ್ಯಾಂಡ್‌ನವರು ಅಭ್ಯಾಸಬಲದಿಂದ ಕೆಳಗಿನಿಂದ ಶುರುಮಾಡುತ್ತಾರೆ, ಹಾಗಾಗಿ ಪಾರ್ಟ್‌ನಲ್ಲೇ ಬರೆದುಬಿಡಿ. ಆಮೇಲೆ ಉದ್ದುದ್ದ ಸ್ಲರ್‌ಗಳು (ಸ್ವರಗಳನ್ನು ಕೂಡಿಸಿ ನುಡಿಸುವ ಗುರುತು). ಮೂಲದಲ್ಲಿ ಅವಿಲ್ಲ. ನಾಲಿಗೆಯಿಂದ ಬಿಡಿಸಿ ನುಡಿಸಿದರೇನೇ ಒಂದರ ಮೇಲೊಂದು ಬಿದ್ದ ದನಿಗಳು ಬೇರೆ ಬೇರೆಯಾಗಿ ಕೇಳುವುದು. ಪ್ರತಿ ಎರಡು ಬಾರ್‌ಗೆ ಕ್ರೆಷೆಂಡೊ ಹಾಕಿದ್ದರೆ ಅಳಿಸಿ. ಜನ ಸೇರುತ್ತಾ ಹೋದರೆ ಸದ್ದು ತಾನಾಗಿ ಏರುತ್ತದೆ. ವಾದ್ಯ ಬದಲಿಸುವುದಾದರೆ ಸಬ್ಜೆಕ್ಟ್ ಮುಗಿದ ಮೇಲೆ ಬದಲಿಸಿ, ನಡುವೆ ಕತ್ತರಿಸಬೇಡಿ.

ಫ್ಯೂಗ್ ಮುಗಿಯುವುದು ಜಿ ಮೇಜರ್ ಕಾರ್ಡ್‌ನಲ್ಲಿ (ಒಟ್ಟಿಗೆ ನುಡಿಯುವ ಸ್ವರಗಳು). ಅದರ ಬಿ ನ್ಯಾಚುರಲ್ ಯಾರ ಬಾಯಲ್ಲಿದೆ ನೋಡಿ. ಶುದ್ಧವಾಗಿ ಸೇರಬೇಕಾದರೆ ಆ ಸ್ವರ ಪಿಯಾನೊದ ಬಿ ಗಿಂತ ಸುಮಾರು 14 ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗಿರಬೇಕು. ಟ್ರಂಪೆಟ್‌ಗಳಿಗೆಲ್ಲ ಅದನ್ನೇ ಕೊಟ್ಟು ಜೋರಾಗಿ ಊದಿಸಿದರೆ ಕೊನೆ ಹುಳಿಯಾಗುತ್ತದೆ. ಒಂದಿಬ್ಬರಿಗೆ ಸಾಕು.

ಇನ್ನೊಂದು. ಇದು ನಾಲ್ಕು ದನಿಯ ಫ್ಯೂಗ್. ಬ್ಯಾಂಡ್ ಸಿಗುವವರೆಗೆ ಯಾಕೆ ಕಾಯಬೇಕು? ಮೇಲಿನದಕ್ಕೆ ಸೊಪ್ರಾನೊ ಸ್ಯಾಕ್ಸ್ ಅಥವಾ ಓಬೋ, ಎರಡನೆಯದಕ್ಕೆ ಕ್ಲಾರಿನೆಟ್, ಮೂರನೆಯದಕ್ಕೆ ನೀವೇ, ಕೆಳಗೆ ಬಸೂನ್ ಅಥವಾ ಬ್ಯಾರಿಟೋನ್ ಸ್ಯಾಕ್ಸ್. ಯಾರದಾದರೂ ಮನೆಯಲ್ಲಿ ಕೂತು ನುಡಿಸಿ. ನಾಲ್ವರಲ್ಲಿ ಕೇಳಿಸದ ದನಿ ನಲವತ್ತು ಜನರಲ್ಲಿ ಖಂಡಿತ ಕೇಳಿಸಲ್ಲ.

ಸ್ಕೋರ್ ಟೈಪ್ ಮಾಡಿಕೊಡುವವರು, ಪುಣೆ

ಚಿಕ್ಕದಾಗಿ ಹೇಳ್ತೀನಿ. ಪ್ಲೇಬ್ಯಾಕ್ ನಂಬಬೇಡಿ. ಅದರಲ್ಲಿ ಕೊಳಲಿನ ಕೆಳಗಿನ ಡಿ ಸ್ವರ ಮೂರು ಟ್ರಾಂಬೋನ್ ಮಧ್ಯೆಯೂ ಸ್ಪಷ್ಟವಾಗಿ ಕೇಳುತ್ತದೆ. ನಿಜದಲ್ಲಿ ಕೊಳಲಿನವರ ಪಕ್ಕದಲ್ಲಿ ಕೂತವರಿಗೂ ಕೇಳಲ್ಲ. ಹಾಗಾಗಿ ಎಂಪಿ3 ಕಳಿಸಿದರೆ ಅದರ ಬಗ್ಗೆ ಬರುವ ಮೆಚ್ಚುಗೆ ಕಂಪ್ಯೂಟರಿಗೆ ಸೇರಿದ್ದು.

ಯಾವ ಪ್ರತಿಯಿಂದ ತೆಗೆದುಕೊಂಡಿರಿ ಅಂತ ಸ್ಕೋರ್ ಮೇಲೆ ಬರೆಯಿರಿ. ಬಾಖ್ ಸಂಗೀತಕ್ಕೆ ಈಗ ಹಕ್ಕು ಯಾರದ್ದೂ ಅಲ್ಲ. ಹತ್ತೊಂಬತ್ತನೇ ಶತಮಾನದ ಬಾಖ್ ಸೊಸೈಟಿ ಮುದ್ರಣ ಐಎಂಎಸ್ಎಲ್‌ಪಿ ಅನ್ನುವ ಸ್ವರಲಿಪಿ ಜಾಲತಾಣದಲ್ಲಿ ಸಿಗುತ್ತದೆ. ಈಚಿನ ಬೇರೊಬ್ಬರ ಬ್ಯಾಂಡ್ ಆವೃತ್ತಿ ನೋಡಿಕೊಂಡು ಹೊಂದಿಸಿದ್ದರೆ ಆ ಕಥೆ ಬೇರೆ. ಹೋಲಿಸಲು ಹಳೆಯದೊಂದು ಬೇಕಾದರೆ ಬಾಖ್‌ದೇ ಅನ್ನಲಾಗುವ ಬಿಡಬ್ಲ್ಯೂವಿ 577 ಜಿಗ್ ಫ್ಯೂಗನ್ನು ಇಂಗ್ಲೆಂಡಿನ ಸಂಗೀತ ರಚನೆಕಾರ ಗುಸ್ತಾವ್ ಹೋಲ್ಸ್ಟ್ 1928ರಲ್ಲಿ ಮಿಲಿಟರಿ ಬ್ಯಾಂಡ್‌ಗೆ ಹೊಂದಿಸಿದ್ದಾರೆ. ಯಾವ ದನಿ ಯಾರ ಕೈಗೆ ಹೋಯಿತು ಅಂತ ಬಣ್ಣದ ಪೆನ್ಸಿಲ್‌ನಿಂದ ಗುರುತು ಮಾಡುತ್ತಾ ಓದಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಮೊದಲ ಪ್ರವೇಶ ನಾನು ಎರಡನೇ ಕ್ಲಾರಿನೆಟ್‌ಗೇ ಕೊಟ್ಟಿದ್ದೆ, ಮೇಡಂ! ಈ ವಾರ ನಾಲ್ಕು ಜನರನ್ನು ಸೇರಿಸುವ ಪ್ರಯತ್ನ ಮಾಡುತ್ತೇನೆ. ಬ್ಯಾಂಡ್ ಓದಿದ ದಿನ ಅಷ್ಟು ಜನರ ಹತ್ತಿರ ಹೋಗಿ ಕೇಳೋದು ಹೇಗೆ? ಮುಗಿದ ಕೂಡಲೇ ಎಲ್ಲರೂ ಕೇಸ್ ಮುಚ್ಚಿ ಹೊರಟುಬಿಡುತ್ತಾರೆ.

ಕ್ಲಾರಿನೆಟ್ ವಾದಕಿ, ಇಂಗ್ಲೆಂಡ್

ಮಾತಾಡಿಸಲು ಹೋಗಬೇಡಿ. ಪ್ರತಿ ಪಾರ್ಟ್‌ನ ಮೇಲೆ ಎರಡು ಸಾಲು ಅಚ್ಚು ಹಾಕಿ: ‘ಉಸಿರು ಸಾಲದ ಕಡೆ ಅಲ್ಪವಿರಾಮ ಹಾಕಿ. ಬೆರಳು ತೊಡಕಾದ ಕಡೆ ಸುತ್ತು ಹಾಕಿ.’ ನುಡಿಸುತ್ತಾ ನುಡಿಸುತ್ತಾ ಹಾಕಿಬಿಡುತ್ತಾರೆ, ಎಲ್ಲರಿಗೂ ಅಭ್ಯಾಸ ಇರುತ್ತದೆ. ಬಾರ್ ನಂಬರ್ ಎಲ್ಲ ಪಾರ್ಟ್‌ನಲ್ಲೂ ಇರಲಿ, ಇಲ್ಲದಿದ್ದರೆ ಆಮೇಲೆ ಸ್ಕೋರ್‌ಗೆ ಇಳಿಸುವಾಗ ನಿಮಗೇ ತಲೆನೋವು. ಒಂದಷ್ಟು ಪೆನ್ಸಿಲ್ ಜಾಸ್ತಿ ತಗೊಂಡು ಹೋಗಿ. ಟ್ರಾಂಬೋನ್ ಸಾಲಿನಲ್ಲಿ ಯಾರ ಹತ್ತಿರವೂ ಇರಲ್ಲ.