ವಿಮಾನದ ಹೊಗೆ ಇಳಿಸಲು ಸರ್ಕಾರದ ದುಡ್ಡು, ನಮ್ಮ ಕಡೆಗೂ ಬರುತ್ತಾ?

ಹುಬ್ಬಳ್ಳಿಯಿಂದ ಪ್ರಶ್ನೆ: ನಮ್ಮ ವಿಮಾನ ನಿಲ್ದಾಣದಲ್ಲಿ ಸೋಲಾರ್ ಹಾಕಿದ್ದಾರೆ, ಒಳ್ಳೆಯದೇ. ಆದರೆ ಹೊಗೆ ಜಾಸ್ತಿ ಬರುವುದು ಇಂಧನದಿಂದ ಅಲ್ವಾ? ಅದಕ್ಕೇನಾದರೂ ನೆರವಿದೆಯಾ?

ಧಾರವಾಡದಿಂದ: ಇದೆ. ಕೇಂದ್ರದ 2019ರ ಜೀವನ್ ಯೋಜನೆಯಲ್ಲಿ, ಬೆಳೆ ಉಳಿಕೆಯಿಂದ ಎಥನಾಲ್ ಮಾಡುವ ದೊಡ್ಡ ಘಟಕಕ್ಕೆ 150 ಕೋಟಿ ರೂಪಾಯಿವರೆಗೆ ಕೊಡುತ್ತಾರೆ. 2024ರಲ್ಲಿ ಬೇರೆ ಸುಧಾರಿತ ಜೈವಿಕ ಇಂಧನಗಳನ್ನೂ ಸೇರಿಸಿದರು. ಎಥನಾಲ್‌ನಿಂದ ವಿಮಾನದ ಇಂಧನವನ್ನೂ ತಯಾರಿಸಬಹುದು, ಆದರೆ ಅದು ಮಾಮೂಲಿ ಇಂಧನಕ್ಕಿಂತ ತುಂಬಾ ದುಬಾರಿ. ಅಂತರರಾಷ್ಟ್ರೀಯ ವಿಮಾನಗಳಿಗೆ ಇಂಥ ಇಂಧನವನ್ನು 2027ಕ್ಕೆ ಶೇ 1, 2030ಕ್ಕೆ ಶೇ 5 ಬೆರೆಸುವ ಗುರಿ ಇದೆ.

ಹಾವೇರಿಯಿಂದ: ಇಲ್ಲಿ ಒಕ್ಕಣೆ ಮುಗಿದರೆ ಹೊಲದಂಚಲ್ಲಿ ಮೆಕ್ಕೆಜೋಳದ ಬೆಂಡು ರಾಶಿ ಬಿದ್ದಿರುತ್ತದೆ, ಎಷ್ಟೋ ಕಡೆ ಸುಮ್ನೆ ಸುಡುತ್ತಾರೆ. ಘಟಕಕ್ಕೆ ನೆರವು ಕೊಡುವಾಗ ಬೆಂಡು ಕೂಡಿಸಿ ಸಾಗಿಸುವ ರೈತನ ಖರ್ಚಿಗೂ ಕೊಡಬೇಕು. ಕಾಳನ್ನೇ ಇಂಧನಕ್ಕೆ ಹಾಕುವುದು ಮಾತ್ರ ಬೇಡ.